ಒಬ್ಬರ ಮೇಲೆ ದೂರು, ಎಲ್ಲರಿಗೂ ಉಪವಾಸ



ಸಂಘದಲ್ಲಿ ಒಬ್ಬಳ ಮೇಲೆ ದೂರು ಬಂತು ಅಂತ, ವಿಚಾರಣೆ ಮುಗಿಯುವ ಮೊದಲೇ ಬ್ಯಾಂಕಿನವರು ಎಲ್ಲರ ಸಾಲ ನಿಲ್ಲಿಸಿದರೆ ನಾವು ಸುಮ್ಮನಿರುತ್ತೇವಾ? ಪ್ಯಾಲೆಸ್ತೀನ್ ಜನರಿಗೆ ಹೀಗೇ ಆಯಿತು.

ಅಲ್ಲಿನ ನಿರಾಶ್ರಿತರಿಗಾಗಿ ವಿಶ್ವಸಂಸ್ಥೆ 1949ರಲ್ಲಿ ಒಂದು ಸಂಸ್ಥೆ ಸ್ಥಾಪಿಸಿತು. ಗಾಜಾದಲ್ಲಿ ಶಾಲೆ, ಚಿಕಿತ್ಸಾಲಯ ನಡೆಸಿದ್ದು, ಹಿಟ್ಟು ಹಂಚಿದ್ದು ಅದರ ಸುಮಾರು 13 ಸಾವಿರ ನೌಕರರು. 2023ರ ಅಕ್ಟೋಬರ್ 7ರ ಹಮಾಸ್ ದಾಳಿಯಲ್ಲಿ ಇವರಲ್ಲಿ 12 ಮಂದಿ ಸೇರಿದ್ದರೆಂದು ಇಸ್ರೇಲ್ ದೂರಿತು. ಆ ದಾಳಿ ಘೋರ ಪಾಪ. ತಪ್ಪಿತಸ್ಥರಿಗೆ ಶಿಕ್ಷೆ ಆಗಲೇಬೇಕು. ಆದರೆ 2024ರ ಜನವರಿಯಲ್ಲಿ ಅಮೆರಿಕ, ಬ್ರಿಟನ್, ಜರ್ಮನಿ ಮೊದಲಾದ ದೇಶಗಳು ಇಡೀ ಸಂಸ್ಥೆಗೇ ಹಣ ತಡೆದವು. ಹೆಚ್ಚಿನವರು ಕೆಲವು ತಿಂಗಳಲ್ಲಿ ಪುನಃ ಕೊಟ್ಟರು. ಅತಿ ದೊಡ್ಡ ದಾನಿ ಅಮೆರಿಕ ಮಾತ್ರ ಮಾರ್ಚಿಯಲ್ಲಿ ಕಾನೂನು ಮಾಡಿಯೇ ನಿಲ್ಲಿಸಿತು. ಅದೇ ತಿಂಗಳು ವಿಮಾನದಿಂದ ಊಟದ ಪೊಟ್ಟಣವನ್ನೂ ಉದುರಿಸಿತು, ಇಸ್ರೇಲಿಗೆ ಬಾಂಬನ್ನೂ ಕೊಡುತ್ತಿತ್ತು! ಇದನ್ನು ನೆರವು ಅನ್ನಲು ನಮಗಂತೂ ಬಾಯಿ ಬರೋದಿಲ್ಲ. ನಮ್ಮ ಭಾರತ ಆ ಜುಲೈಯಲ್ಲಿ ಇದೇ ಸಂಸ್ಥೆಗೆ 25 ಲಕ್ಷ ಡಾಲರ್ ಕೊಟ್ಟಿತು, ಗೊತ್ತಿರಲಿ.

ಪೋಪ್ ಫ್ರಾನ್ಸಿಸ್‌ರವರು ತೀರಿಹೋಗುವ ತನಕ ಗಾಜಾದ ಪವಿತ್ರ ಕುಟುಂಬ ಚರ್ಚಿಗೆ ಹೆಚ್ಚುಕಡಿಮೆ ದಿನಾ ಸಂಜೆ ಫೋನ್ ಮಾಡಿ ವಿಚಾರಿಸುತ್ತಿದ್ದರು. 2025ರ ಜುಲೈ 17ರಂದು ಅಲ್ಲಿಗೂ ಇಸ್ರೇಲಿನ ಶೆಲ್ ಬಿದ್ದು ಮೂವರು ಸತ್ತರು. ವಾರದ ಸಭೆಯಲ್ಲಿ ಉಳಿತಾಯ ಕಟ್ಟುವ ಮೊದಲು ಈ ವಿಷಯ ಸ್ವಲ್ಪ ಮಾತಾಡಿ.