ಎಸ್ಪೊಸಿಟೊ: ಒಂದು ಮನೆತನದ ಹೆಸರು



ಮನೆತನದ ಹೆಸರೆಂದರೆ ನಾವು ಹಿರಿಯರ ಕೀರ್ತಿಯನ್ನು ನೆನೆಯುತ್ತೇವೆ. ಹಿರಿಯರೇ ಯಾರೆಂದು ತಿಳಿಯದವರ ಹೆಸರೊಂದು ಇಟಲಿಯಲ್ಲಿದೆ. ಎಸ್ಪೊಸಿಟೊ ಎಂದರೆ ‘ಹೊರಗೆ ಇಡಲ್ಪಟ್ಟವನು’.

ನೇಪಲ್ಸ್ ನಗರದ ಅನುನ್ಸಿಯಾತ ಅನಾಥಾಲಯದ ಗೋಡೆಯಲ್ಲಿ ತಿರುಗುವ ತೊಟ್ಟಿಲೊಂದಿತ್ತು. ಸಾಕಲಾರದ ತಾಯಿ ಕೂಸನ್ನು ಅದರಲ್ಲಿಟ್ಟು ತಿರುಗಿಸುವಳು, ಒಳಗಿನವರು ಎತ್ತಿಕೊಳ್ಳುವರು, ಒಬ್ಬರ ಮುಖ ಇನ್ನೊಬ್ಬರಿಗೆ ಕಾಣದು. ಆ ತಾಯಂದಿರನ್ನು ಕುರಿತು ತೀರ್ಪು ಹೇಳಲು ನಾವು ಯಾರು? ಕೂಸಿಗೆ ಎಸ್ಪೊಸಿಟೊ ಎಂಬ ಹೆಸರು ದಾಖಲೆಯಲ್ಲಿ ಬೀಳುತ್ತಿತ್ತು. ಜನರಾದರೋ ಇಂಥವರನ್ನು ‘ಮಾತೆ ಮರಿಯಳ ಮಕ್ಕಳು’ ಎಂದು ಕರೆದರು. ಹುಟ್ಟನ್ನು ಬಯಲುಮಾಡುವ ಆ ಹೆಸರನ್ನು ಇಡುವುದು 19ನೆಯ ಶತಮಾನದ ಆದಿಯಲ್ಲಿ ನಿಷಿದ್ಧವಾಯಿತು. 1875ರಲ್ಲಿ ತೊಟ್ಟಿಲೂ ನಿಂತಿತು.

ಹೆಸರು ಮಾತ್ರ ಅಳಿಯಲಿಲ್ಲ. ಬಡತನದಿಂದ ಹಡಗನ್ನೇರಿದವರು ಅದನ್ನು ಅಮೆರಿಕ, ಅರ್ಜೆಂಟೀನ, ಕೆನಡಗಳಿಗೆ ಒಯ್ದರು. ಕೆನಡದಲ್ಲಿ ಹುಟ್ಟಿದ ಫಿಲ್ ಎಸ್ಪೊಸಿಟೊ 1968-69ರಲ್ಲಿ, ಉತ್ತರ ಅಮೆರಿಕದ ರಾಷ್ಟ್ರೀಯ ಹಾಕಿ ಲೀಗಿನಲ್ಲಿ, ಒಂದೇ ಋತುವಿನಲ್ಲಿ ನೂರು ಅಂಕಗಳನ್ನು ದಾಟಿದ ಮೊದಲಿಗನಾದನು. ಅದು ಹಿಮದ ಮೇಲಿನ ಹಾಕಿ, ನಮ್ಮ ಮೈದಾನದ್ದಲ್ಲ. ಸಾವಿರಾರು ಜನ ಆ ಹೆಸರನ್ನು ಕೂಗಿ ಹರ್ಷಿಸಿದರು.

ನೇಪಲ್ಸಿನ ಆ ತೊಟ್ಟಿಲನ್ನು ಇಂದಿಗೂ ಕಾಣಬಹುದು.