ಅಳಿವೆಯಲ್ಲಿ ಕಲಿತ ಪಾಠ

(ಸಂಘದ ವಾರ್ಷಿಕೋತ್ಸವದಂದು ಮಾಡಿದ ಭಾಷಣದ ಬರಹರೂಪ)



ಈ ಶುಭಸಮಾರಂಭದಲ್ಲಿ ನಾಲ್ಕು ಮಾತನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ, ಪ್ರಾಚೀನ ಕಾವ್ಯಗಳಲ್ಲಿಯ ಸಮುದ್ರವರ್ಣನೆಯ ವಿಷಯವನ್ನು ಎತ್ತಿಕೊಳ್ಳೋಣವೆಂದು ಮೊದಲು ಯೋಚಿಸಿದ್ದೆನು. ಆದರೆ ಭಾರತ ಹುಣ್ಣಿಮೆಯ ರವಿವಾರ ಕಾರವಾರದ ಕಾಳಿ ನದಿಯಲ್ಲಿ ನಡೆದುದನ್ನು ತಮ್ಮೆದುರು ಒಪ್ಪಿಸದೆ ಸಮುದ್ರವನ್ನು ವರ್ಣಿಸುವ ಅಧಿಕಾರ ನನಗಿಲ್ಲ. ಆ ರಾತ್ರಿ ತಮ್ಮಲ್ಲಿ ಹನ್ನೆರಡು ಮನೆಗಳವರು ಊಟ ಬಿಟ್ಟು ಮಕ್ಕಳ ಸುದ್ದಿಗಾಗಿ ಕಾದು ಕುಳಿತಿದ್ದಿರಿ. ಅದಕ್ಕೆ ಕಾರಣನು ನಾನೇ.

ಪ್ರವಾಸದ ಹುಟ್ಟು ಒಂದು ಪ್ರಶ್ನೆಯಿಂದಾಯಿತು. ತರಗತಿಯಲ್ಲಿ ‘ಅಳಿವೆ’ ಎಂಬ ಪದ ಬಂದಿತು. ‘ನದಿಯು ಸಮುದ್ರವನ್ನು ಸೇರುವ ಸ್ಥಳ’ ಎಂದು ಅರ್ಥ ಬರೆಯಿಸಿದೆನು. ಒಬ್ಬ ಹುಡುಗ ಎದ್ದು ನಿಂತು, “ಸರ್, ನದಿ ಅಲ್ಲಿ ಅಳಿದು ಹೋಗ್ತದ ಅಂತ ಅಳಿವೆ ಅಂತಾರೇನ್ರಿ? ನೀವು ನೋಡೀರೇನು?” ಎಂದು ಕೇಳಿದನು. ಕೇವಲ ಶಬ್ದಸಾಮ್ಯದಿಂದ ಪದದ ನಿಷ್ಪತ್ತಿಯನ್ನು ನಿರ್ಣಯಿಸಬಾರದೆಂದು ಹೇಳಿ ಮೊದಲ ಪ್ರಶ್ನೆಯಿಂದ ಪಾರಾದೆನು. ಎರಡನೆಯದಕ್ಕೆ ಉತ್ತರವಿರಲಿಲ್ಲ. ಇಪ್ಪತ್ತು ವರ್ಷ ಆ ಪದವನ್ನು ಕಲಿಸಿದ್ದೆನು. ಅಳಿವೆಯನ್ನು ಕಣ್ಣಾರೆ ಕಂಡಿರಲಿಲ್ಲ.

ನಮ್ಮ ಸೀಮೆಯವರಿಗೆ ಅದು ಸಹಜವೂ ಹೌದು. ಗಡಹಿಂಗ್ಲಜದ ಹಿರಣ್ಯಕೇಶಿ ಆಂಬೋಲಿಯಲ್ಲಿ, ಪಡುಗಡಲಿಗೆ ಅಷ್ಟು ಸಮೀಪದಲ್ಲಿ ಹುಟ್ಟಿಯೂ ಅದಕ್ಕೆ ಬೆನ್ನು ತಿರುಗಿಸಿ, ಸಂಕೇಶ್ವರದ ಮೇಲೆ ಹಾಯ್ದು ಘಟಪ್ರಭೆಯನ್ನು ಕೂಡುತ್ತದೆ. ಕೊಲ್ಲಾಪುರ, ಇಚಲಕರಂಜಿಗಳ ಪಂಚಗಂಗೆ ನರಸೋಬವಾಡಿಯಲ್ಲಿ ಕೃಷ್ಣೆಗೆ ಸೇರುತ್ತದೆ. ಎರಡರ ನೀರೂ ಸಾವಿರಕ್ಕೂ ಮಿಕ್ಕಿದ ಕಿಲೋಮೀಟರು ನಡೆದು ಆಂಧ್ರದಲ್ಲಿ ಬಂಗಾಳ ಕೊಲ್ಲಿಯನ್ನು ಕಾಣುತ್ತದೆ. ನಾವು ಬಲ್ಲ ನೀರು ಒಂದೇ ದಿಕ್ಕಿಗೆ ಹರಿಯುವ ನೀರು. ಅದು ಏರಿದರೆ ಮಳೆಗಾಲದಲ್ಲಿ ಏರುತ್ತದೆ. 2005, 2019, 2021ರಂತೆ ಏರಿದರೆ ಮನೆಮಠಗಳನ್ನು ಮುಳುಗಿಸುತ್ತದೆ. ದಿನಕ್ಕೆ ಎರಡು ಸಲ ಏರಿ ಇಳಿಯುವ ನದಿಯನ್ನು ನಮ್ಮ ಮಕ್ಕಳು ಹೇಗೆ ಊಹಿಸಿಯಾರು?

ಶನಿವಾರ ಮುಂಜಾನೆ ಹನ್ನೆರಡು ವಿದ್ಯಾರ್ಥಿಗಳೂ ಮೂವರು ಶಿಕ್ಷಕರೂ ಹೊರಟೆವು. ಆಂಬೋಲಿಯ ಘಟ್ಟವಿಳಿದು ಗೋವೆಯಲ್ಲಿ ಮಾಂಡವಿಯನ್ನು ದಾಟುವಾಗ, ಈ ನದಿಯು ನಮ್ಮ ನೆರೆಯ ಖಾನಾಪುರ ತಾಲೂಕಿನ ಕಾಡಿನಲ್ಲಿ ಮಹಾದಾಯಿಯೆಂಬ ಹೆಸರಿನಿಂದ ಹುಟ್ಟಿ ಬಂದುದೆಂದು ಮಕ್ಕಳಿಗೆ ತಿಳಿಸಿದೆನು. ಅದೇ ಹೆಸರನ್ನು ಹೊತ್ತು ಗೋವೆಯಲ್ಲಿಯೇ ಸಿದ್ಧವಾದ ‘ಮ್ಹಾದೇಯಿ’ ಎಂಬ ಹಾಯಿನೌಕೆಯಲ್ಲಿ ನೌಕಾಪಡೆಯ ಅಭಿಲಾಷ್ ಟೋಮಿಯವರು 2012ರ ನವೆಂಬರಿನಿಂದ 2013ರ ಮಾರ್ಚಿನವರೆಗೆ, ಒಬ್ಬರೇ, ಎಲ್ಲಿಯೂ ತಂಗದೆ ಭೂಮಂಡಲವನ್ನು ಸುತ್ತಿ ಬಂದರು. ಮಕ್ಕಳ ಕಣ್ಣುಗಳು ಅರಳಿದವು.

ರವಿವಾರ ಎಂಟು ಗಂಟೆಗೆ ಕೋಡಿಬಾಗದ ದಂಡೆಯಲ್ಲಿ ದೋಣಿಯನ್ನೇರಿದೆವು. ದೋಣಿಗೆ ಸಣ್ಣ ಯಂತ್ರವಿದ್ದರೂ, ನಮ್ಮ ಬಯಕೆಯನ್ನರಿತ ವೃದ್ಧ ಅಂಬಿಗರು ಹಳೆಯದೊಂದು ಹಾಯಿಯನ್ನು ತಂದಿದ್ದರು. ಎಲ್ಲರಿಗೂ ಲೈಫ್ ಜಾಕೆಟ್ ತೊಡಿಸಿದ ಮೇಲೆಯೇ ಅವರು ಹಗ್ಗ ಬಿಚ್ಚಿದರು. ಆಗ ಕಂಡ ಬೆರಗನ್ನು ಏನೆಂದು ಹೇಳಲಿ! ಹುಟ್ಟು ಹಾಕದಿದ್ದರೂ ದೋಣಿ ಘಟ್ಟದ ಕಡೆಗೆ ಸಾಗಿತು. ನದಿ ಹಿಂದಕ್ಕೆ ಹರಿಯುತ್ತಿದ್ದಿತು. “ಇದು ಭರತ” ಎಂದರು ಅಂಬಿಗರು. “ಮರಾಠಿ ಪುಸ್ತಕದಾಗ ಭರತಿ ಅಂತದ, ಅಜ್ಜಾ” ಎಂದಳು ನಮ್ಮ ಹುಡುಗಿಯೊಬ್ಬಳು. ಮುದುಕರು ನಕ್ಕು, “ನೀರು ಒಂದೇ ಮಗಾ” ಎಂದರು.

ಉಬ್ಬರವು ಸುಮಾರು ಆರು ತಾಸು ಏರಿ, ಆರು ತಾಸು ಇಳಿಯುತ್ತದೆ. ದಿನದಿನಕ್ಕೆ ಹೊತ್ತು ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಸೂರ್ಯಚಂದ್ರರ ಸೆಳೆತಗಳು ಒಂದುಗೂಡುವ ಹುಣ್ಣಿಮೆ ಅಮಾವಾಸ್ಯೆಗಳ ಸುಮಾರಿಗೆ ಹಿರಿಯ ಉಬ್ಬರ, ಅಷ್ಟಮಿಯ ಸುಮಾರಿಗೆ ಕಿರಿಯದು. ನಾವಿಕರಲ್ಲಿ ಇದಕ್ಕೊಂದು ಸ್ಥೂಲವಾದ ಲೆಕ್ಕವುಂಟು. ಏರಿಳಿತವನ್ನು 12 ಪಾಲು ಮಾಡಿದರೆ ಮೊದಲ ತಾಸಿಗೆ 1, ಎರಡನೆಯದಕ್ಕೆ 2, ಮೂರು ನಾಲ್ಕನೆಯವಕ್ಕೆ ಮೂರು ಮೂರು, ಐದನೆಯದಕ್ಕೆ 2, ಆರನೆಯದಕ್ಕೆ 1. ನಡುವಣ ಎರಡು ತಾಸುಗಳಲ್ಲಿಯೇ ಅರ್ಧ ನೀರು ಹೋಗಿಬಿಡುತ್ತದೆ. ಈ ಲೆಕ್ಕವನ್ನು ನಾನು ಮಕ್ಕಳಿಗೆ ಚೆನ್ನಾಗಿಯೇ ವಿವರಿಸಿದೆನು!

ಹತ್ತು ದಾಟಿದ ಮೇಲೆ ಪಡುಗಾಳಿ ಎದ್ದಿತು. ಬಿಸಿಲಿಗೆ ನೆಲ ಕಾದು ಅದರ ಮೇಲಣ ಗಾಳಿ ಮೇಲೇರಿದಾಗ ಕಡಲಿನ ತಂಪುಗಾಳಿ ಒಳನಾಡಿಗೆ ನುಗ್ಗುತ್ತದೆ. ಹಾಯಿ ತುಂಬಿಕೊಂಡಿತು. ಇಚಲಕರಂಜಿಯ ಮಗ್ಗದ ಮನೆಯ ಹುಡುಗನೊಬ್ಬನು ಬಟ್ಟೆಯನ್ನು ಬೆರಳುಗಳಲ್ಲಿ ಹಿಡಿದು, ಹಾಸುಹೊಕ್ಕುಗಳನ್ನು ನೋಡಿ, “ದಪ್ಪ ನೂಲು ಸರ್, ನೇಯ್ಗಿ ಬಿಗಿ ಅದ. ಗಾಳಿ ಸೋರೂದಿಲ್ಲ” ಎಂದನು. ಆ ಬಟ್ಟೆಯ ಮರ್ಮ ನನಗೆ ತಿಳಿದಿರಲಿಲ್ಲ, ಅವನಿಗೆ ತಿಳಿದಿದ್ದಿತು. ಎರಡೂ ಕಡೆ ಕಾಂಡ್ಲಾ ಗಿಡಗಳು ಬೇರುಗಳನ್ನು ಊರುಗೋಲಿನಂತೆ ಊರಿ ಉಪ್ಪುನೀರಿನಲ್ಲಿ ನಿಂತಿದ್ದವು.

ಹನ್ನೊಂದರ ಹೊತ್ತಿಗೆ ಒಂದು ಹಳ್ಳಿಯ ದಂಡೆಗಿಳಿದು ರೊಟ್ಟಿ, ಶೇಂಗಾ ಚಟ್ನಿಯ ಗಂಟು ಬಿಚ್ಚಿದೆವು. ಊಟವಾದೊಡನೆ ನನ್ನ ಪಾಂಡಿತ್ಯ ಜಾಗೃತವಾಯಿತು. 1883ರ ಸುಮಾರಿಗೆ, ಇಪ್ಪತ್ತೆರಡರ ತರುಣ ರವೀಂದ್ರನಾಥ ಠಾಕೂರರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದರು. ಒಂದು ಬೆಳದಿಂಗಳಿನಲ್ಲಿ ಇದೇ ಕಾಳಿಯಲ್ಲಿ ಸಣ್ಣ ಹಾಯಿದೋಣಿಯಲ್ಲಿ ಮೇಲಕ್ಕೆ ಹೋಗಿ, ಶಿವಾಜಿಯ ಕಾಲದ ಕೋಟೆಯನ್ನು ನೋಡಿ, ರೈತನೊಬ್ಬನ ಶುಭ್ರವಾದ ಅಂಗಳದಲ್ಲಿ ಕುಳಿತು ತಂದಿದ್ದ ಬುತ್ತಿಯನ್ನುಂಡರು. ಮರಳುವಾಗ ಹೊಳೆಯ ಓಟಕ್ಕೆ ದೋಣಿಯನ್ನು ಬಿಟ್ಟರು. ಅಳಿವೆಯನ್ನು ಮುಟ್ಟಲು ಬಹಳ ಹೊತ್ತಾದುದರಿಂದ ಅಲ್ಲಿಯೇ ಇಳಿದು ಮರಳಿನ ಮೇಲೆ ನಡೆದು ಮನೆ ಸೇರಿದರು. ಈ ಸಂಗತಿ ಅವರ ‘ಜೀವನಸ್ಮೃತಿ’ಯಲ್ಲಿದೆ. ಇದನ್ನು ನಾನು ವಿಸ್ತರಿಸುತ್ತ ಹೋದೆನು. “ಮಾಸ್ತರ್ರೇ, ನೀರು ತಿರುಗಿತು” ಎಂದು ಅಂಬಿಗರು ಒಮ್ಮೆ ಹೇಳಿದರು. “ಇನ್ನೊಂದು ಗಳಿಗೆ” ಎಂದೆನು. ಮತ್ತೊಮ್ಮೆ, ಮಗುದೊಮ್ಮೆ ಹೇಳಿದರು. ನಾವು ದೋಣಿಯನ್ನೇರಿದಾಗ ಎರಡು ಗಂಟೆ ದಾಟಿದ್ದಿತು.

ಇಳಿತದ ನೀರಿಗೆ ಎದುರಾಗಿ ಪಡುಗಾಳಿ ಬೀಸುತ್ತಿದ್ದುದರಿಂದ ತೆರೆಗಳು ಕುಪ್ಪಳಿಸುತ್ತಿದ್ದವು. ಹಾಯಿಯನ್ನಿಳಿಸಿ ಯಂತ್ರವನ್ನು ಹಚ್ಚಿದರು. ಮೂರರ ಸುಮಾರಿಗೆ ದೋಣಿಯ ಅಡಿ ಮರಳಿಗೆ ತಾಗಿ ನಿಂತಿತು. ಜಗ್ಗಿದೆವು, ನೂಕಿದೆವು, ಕದಲಲಿಲ್ಲ. ಕಣ್ಣೆದುರಿಗೇ ನೀರು ಸರಿದು ದಿಬ್ಬ ಮೇಲೆದ್ದಿತು. ಕೈಯಲ್ಲಿದ್ದ ಫೋನುಗಳಿಗೆ ಅಲ್ಲಿ ಸಂಪರ್ಕ ಸಿಗಲಿಲ್ಲ. ಒಬ್ಬಿಬ್ಬರು ಅಳತೊಡಗಿದರು. ನನ್ನ ಎದೆಯೂ ನಡುಗಿತು. ಅಂಬಿಗರು ಮಾತ್ರ ಲಂಗರನ್ನು ಊರಿ, “ಹೊಳೆ ಎಲ್ಲಿಗೂ ಹೋಗಲಿಲ್ಲ. ಬರುತ್ತದೆ. ಕೆಸರಿಗೆ ಮಾತ್ರ ಯಾರೂ ಇಳಿಯಬೇಡಿ” ಎಂದು ಎಲೆಯಡಿಕೆಯ ಚೀಲವನ್ನು ಬಿಚ್ಚಿದರು. ನನಗೆ ಒಂದು ಕಟುನುಡಿಯನ್ನೂ ಆಡಲಿಲ್ಲ.

ಅಷ್ಟರಲ್ಲಿ ಬುಟ್ಟಿ ಹಿಡಿದ ಹೆಂಗಸರು ದಿಬ್ಬಕ್ಕೆ ಬಂದು ಮರಳನ್ನು ಕೆದರಿ ಬಳಚು ಆರಿಸತೊಡಗಿದರು. ನಮಗೆ ಸಂಕಟವಾದ ಇಳಿತವು ಅವರಿಗೆ ಅಂದಿನ ಅನ್ನವಾಗಿದ್ದಿತು. ಅವರೊಡನೆ ಮಾತನಾಡುತ್ತ ಮಕ್ಕಳು ಅಳುವನ್ನು ಮರೆತರು. ಐದು ದಾಟಿದ ಮೇಲೆ ನೀರು ಕ್ಷಣಕಾಲ ನಿಂತಂತಾಯಿತು. ತೇಲುತ್ತಿದ್ದ ಎಲೆಯೊಂದು ಮೆಲ್ಲನೆ ಘಟ್ಟದ ಕಡೆಗೆ ತಿರುಗಿತು. ಮೊದಲು ಕಂಡವನು ಆ ಪ್ರಶ್ನೆ ಕೇಳಿದ ಹುಡುಗನೇ. ಏಳೂವರೆಗೆ ದೋಣಿ ತಾನಾಗಿ ಎದ್ದಿತು. ತುಂಬು ಚಂದಿರನ ಬೆಳಕಿನಲ್ಲಿ ಒಂಬತ್ತರ ಸುಮಾರಿಗೆ ಕೋಡಿಬಾಗವನ್ನು ಮುಟ್ಟಿ ತಮಗೆಲ್ಲ ಸುದ್ದಿ ಕಳುಹಿದೆವು.

ಬಂಧುಗಳೇ, ಆ ದಿನದ ತಮ್ಮ ಕಳವಳಕ್ಕಾಗಿ ಈ ಸಭೆಯಲ್ಲಿ ಕ್ಷಮೆ ಬೇಡುತ್ತೇನೆ. ನೀರನ್ನು ಬಲ್ಲವರು ಮೂರು ಸಲ ಎಚ್ಚರಿಸಿದಾಗ, ನೀರಿನ ಬಗೆಗೆ ಓದಿದವನು ಕೇಳಲಿಲ್ಲ. ಇನ್ನು ಮೇಲೆ ಇಂಥ ಪ್ರವಾಸದಲ್ಲಿ ಹೊರಡುವ ಹೊತ್ತನ್ನು ಅಂಬಿಗರೇ ಗೊತ್ತುಪಡಿಸಬೇಕು, ಮಾಸ್ತರರ ಗಡಿಯಾರವಲ್ಲ.

ಆದರೂ ಪ್ರವಾಸವನ್ನು ನಿಲ್ಲಿಸಬೇಡಿರೆಂದು ಸಂಘದವರನ್ನು ಬೇಡುತ್ತೇನೆ. ಗಡಿಯ ಈಚೆಗಿರುವ ನಮ್ಮ ಮಕ್ಕಳಿಗೆ ಎಷ್ಟೋ ಕನ್ನಡ ಪದಗಳು ಪುಸ್ತಕದಲ್ಲಿ ಮಾತ್ರ ಸಿಗುತ್ತವೆ. ಹಾಯಿ, ಚುಕ್ಕಾಣಿ, ಲಂಗರು, ಇಳಿತ ಎಂಬಿವು ಬಾಯಿಪಾಠದ ಸಾಲಿನಲ್ಲಿ ಒಣಗಿ ಬಿದ್ದಿರುತ್ತವೆ. ಆ ಪದಗಳನ್ನಾಡಿ ಬದುಕುವವರ ಪಕ್ಕದಲ್ಲಿ ಒಂದು ದಿನ ಕುಳಿತರೆ ಅವಕ್ಕೆ ಜೀವ ಬರುತ್ತದೆ. ಭಾಷೆಯು ಉಳಿಯುವುದು ಹೀಗೆಯೇ.

ಮೊನ್ನೆಯ ಪರೀಕ್ಷೆಯಲ್ಲಿ ‘ಅಳಿವೆ’ಗೆ ಅರ್ಥ ಕೇಳಿದ್ದೆನು. ನಾನು ಬರೆಯಿಸಿದುದನ್ನು ಬಿಟ್ಟು ಆ ಹುಡುಗನು ಬರೆದಿದ್ದನು: ‘ನದಿಯು ತಿರುಗಿ ಬರುವ ಸ್ಥಳ.’ ನಿಘಂಟಿನಲ್ಲಿ ಆ ಅರ್ಥವಿಲ್ಲ. ಪೂರ್ಣ ಅಂಕಗಳನ್ನು ಕೊಟ್ಟಿದ್ದೇನೆ.