ಮಾರುಕಟ್ಟೆಯಲ್ಲಿ ಸಿಕ್ಕ ಒಂದೇ ಒಂದು ತೊರಕೆ

ಚಪ್ಪಟೆ ಮೈ, ಬಾಲದಲ್ಲಿ ವಿಷದ ಮುಳ್ಳು ಇರುವ ಸ್ಟಿಂಗ್‌ರೇ ಮೀನಿಗೆ ನಮ್ಮ ಕರಾವಳಿಯವರು ತೊರಕೆ ಅನ್ನುತ್ತಾರೆ. ಅದರ ದೂರದ ನೆಂಟನೊಂದು ಇಂಡೋನೇಷ್ಯಾದ ಜಾವಾ ಕಡಲಲ್ಲಿತ್ತು. 1862ರಲ್ಲಿ ಜರ್ಮನ್ ವಿಜ್ಞಾನಿ ಎಡ್ವರ್ಡ್ ಫಾನ್ ಮಾರ್ಟೆನ್ಸ್ ಅವರಿಗೆ ಅದು ಸಿಕ್ಕಿದ್ದು ಕಡಲಿನಲ್ಲಲ್ಲ, ಇಂದಿನ ಜಕಾರ್ತದ ಮೀನು ಮಾರುಕಟ್ಟೆಯಲ್ಲಿ! ಬರೀ 33 ಸೆಂಟಿಮೀಟರ್ ಉದ್ದ. ವಿಜ್ಞಾನಿಗಳ ಕೈಗೆ ಇನ್ನೊಂದು ಸಿಗಲೇ ಇಲ್ಲ. ದೋಣಿಗಳು ಮೀನಿಳಿಸುವ ದಕ್ಕೆಗಳಲ್ಲಿ ಸಂಶೋಧಕರು ವರ್ಷಗಟ್ಟಲೆ ಹುಡುಕಿದರು. ಮಿತಿಯಿಲ್ಲದ ಮೀನುಗಾರಿಕೆಯಿಂದ ಅದರ ಸಂತತಿಯೇ ಅಳಿಯಿತೆಂದು 2023ರಲ್ಲಿ ಐಯುಸಿಎನ್ ಘೋಷಿಸಿತು. ಮನುಷ್ಯರ ಕೈಯಿಂದ ಅಳಿದದ್ದೆಂದು ದಾಖಲಾದ ಮೊದಲ ಕಡಲ ಮೀನು ಅದು. ಗುರುತಿಸುವವರು ಬರುವಷ್ಟರಲ್ಲಿ ಅದೇ ಇರಲಿಲ್ಲ, ನೋಡಿ.

ಅಮ್ಮನ ಜೊತೆ ಮೀನಂಗಡಿಗೆ ಹೋದಾಗ ಫೋನ್ ನೋಡುತ್ತಾ ನಿಲ್ಲುತ್ತೀರಲ್ಲ, ಅದೇ ಫೋನಿನಲ್ಲಿ ಗುರುತು ಸಿಗದ ಮೀನಿನದೊಂದು ಫೋಟೊ ತೆಗೆಯಿರಿ. ಎಲ್ಲಿ ಹಿಡಿದದ್ದೆಂದು ಅಂಗಡಿಯವರನ್ನು ಕೇಳಿ ಬರೆದುಕೊಳ್ಳಿ.